ಅಜ್ಜನ ಕಪ್ಪೆಮೂತಿ ಜೀಪು

ಮೊನ್ನೆ ಹಳೇ ಗಾಡಿಗಳ ಪ್ರದರ್ಶನದಲ್ಲಿ, ಜನ ಮುಗಿಬಿದ್ದು ಫೋಟೊ ತೆಗೆಯುತ್ತಿದ್ದ ಒಂದು ಕಪ್ಪೆಮೂತಿಯ ಅವಲಕ್ಷಣದ ಜೀಪಿನಿಂದ ಕಾದ ರೆಕ್ಸಿನ್ ವಾಸನೆ ಬಂದಿದ್ದೇ, ನನ್ನ ಕೈ ಹಿಡಿಯಲು ಏನನ್ನೋ ಹುಡುಕಿತು.

ಅಜ್ಜ ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದ ಜೀಪಿಗೂ ಅದೇ ಕಪ್ಪೆಮೂತಿ, ಬಾಗಿಲೇ ಇರಲಿಲ್ಲ. ನಲವತ್ತು ವರ್ಷ ಎತ್ತಿನ ಗಾಡಿ ಹೊಡೆದಿದ್ದ ಅಜ್ಜ ಸ್ಟೀರಿಂಗ್ ಹಿಡಿದು ತಿಂಗಳಾಗಿತ್ತಷ್ಟೆ. ಆ ಮಧ್ಯಾಹ್ನ ಹಿರೇನಲ್ಲೂರಿನಿಂದ ನಾವಿಬ್ಬರೇ ಬರುತ್ತಿದ್ದಾಗ, ನಮ್ಮೂರ ಕೆರೆ ಏರಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ನನ್ನ ಪಕ್ಕದಲ್ಲೇ ನೀರು.

"ಅಜ್ಜಾ, ನಿಲ್ಸು!" ಎಂದು ಕಿರುಚಿದೆ.

ಅಜ್ಜ ಹಿಂದಕ್ಕೆ ವಾಲಿ, ಸ್ಟೀರಿಂಗನ್ನು ಎತ್ತಿನ ಹಗ್ಗದಂತೆ ಎರಡೂ ಕೈಯಲ್ಲಿ ಎದೆಗೆ ಎಳೆಯುತ್ತಿದ್ದರು. "ಹೋ... ಹೋ... ನಿಂತ್ಕಳೋ ನನ್ನಪ್ಪಾ!"

ಜೀಪು ಕೇಳಲಿಲ್ಲ. ನಾನು ಬಿಗಿಯಾಗಿ ಹಿಡಿದಿದ್ದ ಸೀಟಿನ ಕಂಬಿ ಅಂಗೈ ಕೊಯ್ದಿತು. ಕೊನೆಗೆ ಏರಿ ಮುಗಿದಲ್ಲಿದ್ದ ರಾಗಿಹುಲ್ಲಿನ ಬಣವೆಗೆ ಮೂತಿ ತೂರಿಸಿ ನಿಂತಿತು.

ಧೂಳು ಅಡಗಿದ ಮೇಲೆ ಅಜ್ಜ ಇಳಿದು, ಎತ್ತಿನ ಬೆನ್ನು ತಟ್ಟುವಂತೆ ಬಾನೆಟ್ ತಟ್ಟಿದರು.

"ಹೆದ್ರಬ್ಯಾಡ ಕಣೋ, ಏನೂ ಆಗ್ಲಿಲ್ಲ" ಎಂದು ಜೀಪಿಗೆ ಹೇಳಿದರು.

ಸುಡುತ್ತಿದ್ದ ಬಾನೆಟ್ ಮೇಲಿಂದ ಬಹಳ ಹೊತ್ತು ಕೈ ತೆಗೆಯಲಿಲ್ಲ. ತೆಗೆದೊಡನೆ ಆ ಕೈಯನ್ನು ಹೆಗಲ ಟವೆಲ್ಲಿನಲ್ಲಿ ಸುತ್ತಿ ಬಚ್ಚಿಟ್ಟುಕೊಂಡರು. ಟವೆಲ್ಲು ನಡುಗುತ್ತಿತ್ತು.