ಅಕ್ಕನ ಕಡೆಯವರು

ಕನ್ನಡಕದಂಗಡಿಗೆ ಕೆಲಸಕ್ಕೆ ಹೋಗಿದ್ದ ತಮ್ಮ ಮಧ್ಯಾಹ್ನವೇ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಸ್ಟೂಲು ಹತ್ತಿ ಅಟ್ಟದಿಂದ ಸೂಟ್‌ಕೇಸ್ ಇಳಿಸಿದ. ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಹಿಂದೊಮ್ಮೆ ಹೀಗೆಯೇ ಹೋದವನು ಯಾವುದೋ ಊರಿನ ಬಸ್ ನಿಲ್ದಾಣದಲ್ಲಿ, ಬೆಂಚಿನ ಕೆಳಗೆ ಸಿಕ್ಕಿದ್ದ. ಸೂಟ್‌ಕೇಸ್ ಬೆಂಚಿನ ಮೇಲಿತ್ತು.

"ಎಲ್ಲಿಗೋ?"

"ಅದನ್ನ ಹೇಳಿಬಿಟ್ಟರೆ ಹೋಗಿ ಏನು ಪ್ರಯೋಜನ?"

ಒಂದು ಗುಂಪು ತನ್ನ ಬೆನ್ನು ಹತ್ತಿದೆ ಅನ್ನುವುದು ತಮ್ಮನ ನಂಬಿಕೆ. ಯಾರ ಗುಂಪು, ಅವನಿಂದ ಅವರಿಗೇನಾಗಬೇಕು ಅಂತ ಕೇಳಿದರೆ, ಅದು ಗೊತ್ತಿದ್ದರೆ ನಾನೇ ಹೋಗಿ ಮಾತಾಡಿ ಮುಗಿಸ್ತಿದ್ದೆ ಅನ್ನುತ್ತಿದ್ದ. ಹೌದು ಅನ್ನಬೇಡಿ, ವಾದಕ್ಕೂ ಇಳಿಯಬೇಡಿ ಎಂದು ಡಾಕ್ಟರು ಅಕ್ಕನಿಗೆ ಹೇಳಿದ್ದರು. ಮಾತ್ರೆ ನುಂಗಿಕೊಂಡು, ಗಾಜು ಉಜ್ಜಿ ಫ್ರೇಮಿಗೆ ಕೂರಿಸಿಕೊಂಡು, ಇಷ್ಟು ದಿನ ಹೇಗೋ ನಡೆದುಕೊಂಡು ಹೋಗಿತ್ತು.

"ನನಗಂತೂ ಯಾರೂ ಕಾಣಿಸ್ತಿಲ್ಲಪ್ಪ," ಎಂದಳು ಅಕ್ಕ. ಇದೂ ಡಾಕ್ಟರು ಕಲಿಸಿಕೊಟ್ಟ ಮಾತೇ.

"ಈ ಸಲ ಸಾಕ್ಷಿ ಇದೆ." ತಮ್ಮ ಅಂಗಿ ಮಡಚುತ್ತಲೇ ಹೇಳಿದ. "ಎದುರುಮನೆ ಮೇಷ್ಟ್ರು. ನಾನು ಬಸ್ಸಿಗೆ ನಿಂತಾಗೆಲ್ಲ ರಸ್ತೆಯಾಚೆ ಕೂತು ಪೇಪರ್ ಓದ್ತಾರೆ. ಅವರ ಹತ್ತಿರ ಎರಡು ಕನ್ನಡಕ ಇದೆ. ಕಪ್ಪು ಫ್ರೇಮಿಂದು ದೂರಕ್ಕೆ, ಕಂದು ಬಣ್ಣದ್ದು ಓದೋದಕ್ಕೆ. ಎರಡಕ್ಕೂ ಗಾಜು ಹಾಕಿದವನು ನಾನು. ಬೆಳಿಗ್ಗೆ ಹತ್ತಿರ ಹೋಗಿ ನೋಡಿದೆ. ಕಪ್ಪು ಫ್ರೇಮ್ ಹಾಕ್ಕೊಂಡು ಪೇಪರ್ ಓದ್ತಿದಾರೆ. ಅದರಲ್ಲಿ ಅವರಿಗೆ ಒಂದಕ್ಷರ ಕಾಣಲ್ಲ ಅಕ್ಕ. ನಾನು ಮಾತ್ರ ಚೆನ್ನಾಗಿ ಕಾಣ್ತೀನಿ."

ಮೇಷ್ಟ್ರನ್ನು ಅಲ್ಲಿ ಕೂರಿಸಿದವಳು ಅಕ್ಕನೇ. ಬಸ್ಸು ಹತ್ತುವವರೆಗೆ ಮೇಷ್ಟ್ರು, ಇಳಿದಲ್ಲಿ ಔಷಧಿ ಅಂಗಡಿಯವನು, ಸಂಜೆ ವಾಪಸು ಬರುವಾಗ ಇಸ್ತ್ರಿಯವಳು. ಇವನ ಮೇಲೊಂದು ಕಣ್ಣಿಟ್ಟಿರಿ ಎಂದು ಮೂವರನ್ನೂ ಕೇಳಿಕೊಂಡಿದ್ದಳು, ಕಾಲು ಹಿಡಿಯುವುದೊಂದು ಬಾಕಿ. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಇಷ್ಟು ಮುಖ್ಯವಾದ ಕೆಲಸ ಸಿಕ್ಕಿರಲಿಲ್ಲ. ಪೇಪರಿನ ಉಪಾಯವೂ ಅವರದೇ.

ಈಗ ಏನು ಹೇಳುವುದು? ಇಲ್ಲ ಅಂದರೆ, ಇದ್ದದ್ದನ್ನು ಇದ್ದ ಹಾಗೆ ಕಂಡವನನ್ನೇ ಸುಳ್ಳು ಮಾಡಿದ ಹಾಗೆ; ಇನ್ನು ಅವನು ತನ್ನ ಕಣ್ಣನ್ನು ನಂಬುವುದಾದರೂ ಹೇಗೆ? ಹೌದು ಅಂದರೆ ತಾನೂ ಆ ಗುಂಪಿಗೆ ಸೇರಿಬಿಡುತ್ತೇನೆ, ಇವನು ಈ ಮನೆಯ ಮುಖ ಮತ್ತೆ ನೋಡುವುದಿಲ್ಲ. ಅವಳಿಗೆ ಅಳು ಬಂತು.

"ಅವರನ್ನ ಇಟ್ಟಿದ್ದು ನಾನೇ," ಎಂದಳು. "ಮೇಷ್ಟ್ರು, ಔಷಧಿ ಅಂಗಡಿಯವನು, ಇಸ್ತ್ರಿಯವಳು. ಮತ್ತೆ ಎಲ್ಲಿಗಾದರೂ ಹೊರಟುಹೋಗ್ತೀಯ ಅಂತ ಭಯ ಕಣೋ."

ತಮ್ಮನ ಕೈ ಅಲ್ಲೇ ನಿಂತಿತು. "ಇಸ್ತ್ರಿಯವಳೂನಾ?"

"ಹೂಂ."

"ಗೊತ್ತೇ ಆಗಲಿಲ್ಲ," ಎಂದ ಮೆಚ್ಚಿಕೊಂಡು. "ಮೇಷ್ಟ್ರಿಗೆ ಮಾತ್ರ ಈ ಕೆಲಸ ಬರಲ್ಲ."

"ನಾಳೆಯಿಂದ ಯಾರೂ ಬೇಡ ಅಂತ ಹೇಳಿಬಿಡ್ತೀನಿ. ನೀನು ಹೋಗಬೇಡ, ಅಷ್ಟೇ."

ತಮ್ಮ ಕಿಟಕಿಯಾಚೆ ಒಮ್ಮೆ ಇಣುಕಿ ನೋಡಿದ. ಆಮೇಲೆ ಸೂಟ್‌ಕೇಸಿನಲ್ಲಿದ್ದ ಅಂಗಿಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ವಾಪಸು ಇಡತೊಡಗಿದ. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

"ಬೇಡ ಅನ್ನೋಕೆ ಹೋಗಬೇಡ," ಎಂದ. "ಇನ್ನೂ ಒಂದಷ್ಟು ಜನ ಸಿಕ್ತಾರಾ ನೋಡು. ಮೂವರು ಎಲ್ಲಿ ಸಾಲ್ತಾರೆ ಅಕ್ಕ? ಅವರ ಕಡೆ ತುಂಬಾ ಜನ ಇದಾರೆ."