ಶಿಕ್ಷೆ ಹೊತ್ತವನು

ಪ್ರತಿ ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಲು ಸಭೆಯ ಮುಂದೆ ನಿಂತಾಗ ಕರುಣಾಕರ ತಾನು ಕೊಲೆಗಾರನಾಗಿದ್ದೆ ಎನ್ನುತ್ತಿದ್ದನೇ ಹೊರತು, ಎಲ್ಲಿ, ಯಾರನ್ನು ಎಂದು ಬಾಯಿಬಿಟ್ಟಿರಲಿಲ್ಲ. ಇಂದು ಅಳು ಉಕ್ಕಿ ಬಂದು ಅದೂ ಹೊರಬಿತ್ತು.

"ಒಂಬತ್ತು ವರ್ಷದ ಹಿಂದೆ ಹೊಳೆಬದಿ ಹೆಂಚಿನ ಕಾರ್ಖಾನೆ ಕಾವಲುಗಾರನನ್ನ ಕೊಂದವನು ನಾನೇ! ಪೊಲೀಸರ ಕೈಗೆ ಸಿಗಲಿಲ್ಲ, ಯೇಸಪ್ಪನ ಕೈಗೆ ಸಿಕ್ಕಿಬಿದ್ದೆ. ನನ್ನ ಶಿಕ್ಷೆಯನ್ನೆಲ್ಲ ಶಿಲುಬೆ ಮೇಲೆ ಆತನೇ ಹೊತ್ತ!"

"ಆಮೆನ್!" ಎಂದಿತು ಸಭೆ. ಅವನ ಎದೆ ಹಗುರಾಯಿತು.

ಆರಾಧನೆ ಮುಗಿದ ಮೇಲೆ ಮುದುಕಿಯೊಬ್ಬಳು ಬಂದು ಅವನೆದುರು ತಲೆಬಾಗಿದಳು. ಅವನು ಆ ತಲೆಯ ಮೇಲೆ ಕೈಯಿಟ್ಟ.

"ಯಾರಿಗೋಸ್ಕರ ಪ್ರಾರ್ಥನೆ ಮಾಡ್ಲಮ್ಮ?"

"ನನ್ನ ಮಗನಿಗೆ. ಒಂಬತ್ತು ವರ್ಷದಿಂದ ಜೈಲಲ್ಲಿದ್ದಾನೆ."

"ಪಶ್ಚಾತ್ತಾಪ ಪಟ್ರೆ ಯೇಸಪ್ಪ ಅವನ ಶಿಕ್ಷೇನೂ ಹೊರ್ತಾನಮ್ಮ."

"ಅವನದ್ದಲ್ಲ ಬ್ರದರ್, ಅವನು ಹೊತ್ತಿರೋದು ನಿಮ್ಮ ಶಿಕ್ಷೆ."