ಕಂಚಿನ ಮುಂಜಾನೆ

“ಇದು ಹಳೇದಲ್ಲ ಸ್ವಾಮಿ, ಮೊನ್ನೆ ಮೊನ್ನೆ ಎರಕ ಹೊಯ್ದಿದ್ದು,” ಎಂದುಬಿಟ್ಟ ಉಬಾಲ್ದೊ.

ಮಿಲಾನಿನಿಂದ ಬಂದ ವೈದ್ಯ ಮುಖ ಸಣ್ಣದು ಮಾಡಿಕೊಂಡು, ಗೇಣುದ್ದದ ಆ ಕಂಚಿನ ಹೆಂಗಸನ್ನು ಎದುರಂಗಡಿಯ ಇಸೋಲಿನಾಳಿಗೆ ಹಿಂದಿರುಗಿಸಿ ಹೊರಟ. ಫ್ಲಾರೆನ್ಸಿನ ಆ ಬೀದಿಯಲ್ಲಿ ಹಳೆಯ ಸಾಮಾನಿನ ವ್ಯಾಪಾರಿಗಳು ಎಷ್ಟೇ ಕಚ್ಚಾಡಲಿ, ಒಬ್ಬರ ಮಾಲನ್ನು ಇನ್ನೊಬ್ಬರು ಹಳಿಯುವುದಿಲ್ಲ. ಅನುಮಾನದ ಗಿರಾಕಿಯನ್ನು ಎದುರಂಗಡಿಗೆ ಕಳಿಸುವುದು ಅಲ್ಲಿಯ ರೂಢಿ, ಎದುರಂಗಡಿಯವರು ಹೇಳಿದ್ದೇ ಕೊನೆಯ ಮಾತು. ಅಂಥ ಬೀದಿಯಲ್ಲೇ ತಲೆ ಹಣ್ಣಾದ ಉಬಾಲ್ದೊ ಹಾಡಹಗಲೇ ಹಸಿ ಸುಳ್ಳು ಹೇಳಿದ್ದ.

ಅದು ಹಳೆಯದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೈಕೆಲೇಂಜೆಲೊ ಒಂದೇ ಸಮಾಧಿಯ ಮೇಲೆ ಎದುರುಬದುರಾಗಿ ಒರಗಿಸಿದ ಅಮೃತಶಿಲೆಯ ವಿಗ್ರಹಗಳಲ್ಲಿ ಹೆಣ್ಣಿನ ಹೆಸರು ಮುಂಜಾನೆ, ಗಂಡಿನದು ಸಂಜೆ. ಮುತ್ತಜ್ಜಂದಿರ ಕಾಲದಲ್ಲಿ ಯಾರೋ ಅವನ್ನು ಕಂಚಿನಲ್ಲಿ ಪುಟ್ಟ ಜೋಡಿಯಾಗಿ ಎರಕ ಹೊಯ್ದಿದ್ದರು. ಹೇಗೋ ಜೋಡಿ ಮುರಿದು, ಗಡ್ಡದ ಸಂಜೆ ಉಬಾಲ್ದೊನ ಪಾಲಿಗೆ ಬಂದಿತ್ತು, ಮುಂಜಾನೆ ವಿಧವೆ ಇಸೋಲಿನಾಳ ಅಂಗಡಿ ಸೇರಿತ್ತು. ಬ್ರಹ್ಮಚಾರಿ ಉಬಾಲ್ದೊ ದಿನಾ ಬೆಳಿಗ್ಗೆ ಬೀದಿ ದಾಟಿ ಹೋಗಿ ಅದಕ್ಕೆ ಬೆಲೆ ಕೇಳುತ್ತಿದ್ದ. ಅವಳು ಕೊಡುವುದಿಲ್ಲ ಎನ್ನುತ್ತಿದ್ದಳು, ಕಾಫಿ ಮಾತ್ರ ಕೊಡುತ್ತಿದ್ದಳು.

ಈಗ ಅವಳೇ ಬೀದಿ ದಾಟಿ ಬಂದಳು. ಮುಂಜಾನೆಯನ್ನು ಮಗುವಿನಂತೆ ಸೊಂಟಕ್ಕೆ ಅವಚಿಕೊಂಡಿದ್ದಳು.

“ರೀ, ಇದರ ತಳದಲ್ಲಿರೋ ಹಳೇ ಎರಕದವನ ಮುದ್ರೆ ಕಾಣಲಿಲ್ವಾ ನಿಮಗೆ?”

“ಕಾಣ್ತು.”

“ಮತ್ತೆ? ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತಿತ್ತಾ?”

ಉಬಾಲ್ದೊನಿಗೆ ಇನ್ನು ಅಂಗಡಿಯ ಬಾಗಿಲು ಹಾಕಿಕೊಂಡು ಊರು ಬಿಡುವುದೇ ಸರಿ ಅನ್ನಿಸಿತು. ಮಾನ ಹೇಗೂ ಹೋಗಿದೆ, ಇನ್ನೇನು ಮುಚ್ಚಿಡುವುದು ಎಂದು ನೆಲ ನೋಡುತ್ತಲೇ ಹೇಳಿದ: “ಅದು ಮಾರಿಹೋದ್ರೆ ನಾಳೆ ಬೆಳಿಗ್ಗೆ ನಾನು ಏನು ನೆಪ ಹೇಳ್ಕೊಂಡು ನಿಮ್ಮಂಗಡಿಗೆ ಬರಲಿ?”

ಇಸೋಲಿನಾಳಿಗೆ ನಗು ಬಂತು. ಎಂಥ ನಗು! ಪಕ್ಕದ ಚೌಕಟ್ಟಿನಂಗಡಿಯವನು ಸುತ್ತಿಗೆ ಕೆಳಗಿಟ್ಟು ಇಣುಕಿ ನೋಡಿದ. ಕಣ್ಣೊರೆಸಿಕೊಂಡು ಅವಳೆಂದಳು: “ಆ ಡಾಕ್ಟರಿಗೆ ಯಾವ ಅನುಮಾನವೂ ಇರಲಿಲ್ಲ. ನಾನೇ ಬಲವಂತ ಮಾಡಿ ನಿಮ್ಮ ಹತ್ರ ಕಳಿಸ್ದೆ. ನೀವು ನಿಜ ಹೇಳಿದ್ದಿದ್ರೆ ಇವತ್ತೇ ಇದನ್ನ ಮಾರಿ, ನಿಮ್ಮ ಮೇಲಿನ ಆಸೇನೂ ಬಿಟ್ಬಿಡ್ತಿದ್ದೆ.”

ಉಬಾಲ್ದೊ ಖುಷಿಯಲ್ಲಿ ಕುರ್ಚಿ ಎಳೆದುಕೊಂಡು ಕೂರಲು ಹೋದ.

“ಕೂತ್ಕೋಬೇಡಿ,” ಎಂದು ಗದರಿದಳು ಇಸೋಲಿನಾ. “ಬೀದಿಯ ಮರ್ಯಾದೆ ಉಳೀಬೇಕು. ಓಡಿ ಹೋಗಿ ಆ ಡಾಕ್ಟರಿಗೆ ನಿಜ ಹೇಳಿ ಬನ್ನಿ. ಹಳೇದೇ, ಆದ್ರೆ ಮಾರೋದಿಲ್ಲ ಅಂತ.”

ಉಬಾಲ್ದೊ ಏಪ್ರನ್ನನ್ನೂ ಬಿಚ್ಚದೆ ಓಡಿದ. ಸೇತುವೆಯ ಕಡೆ ತಿರುಗುವಷ್ಟರಲ್ಲಿ ಅವಳ ಕೂಗು ಇಡೀ ಬೀದಿಗೆ ಕೇಳಿಸಿತು.

“ಬರ್ತಾ ನಿಮ್ಮ ಆ ಕಂಚಿನ ಮುದುಕನನ್ನೂ ಎತ್ಕೊಂಡು ನಮ್ಮಂಗಡಿಗೇ ಬಂದ್ಬಿಡ್ರೀ. ಇಬ್ಬರು ಮುದುಕರಿಗೂ ಜಾಗ ಇದೆ!”